ಮನೆಯ ಕಂಪ್ಯೂಟರಿಗೆ ಉಚಿತ ಆಂಟಿವೈರಸ್: ಇಳಿಸಿಕೊಳ್ಳುವ ಮೊದಲು ಅಳಿಸಬೇಕಾದದ್ದು

ಕಳೆದ ಮಳೆಗಾಲದಲ್ಲಿ ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿರುವ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ತಮ್ಮ ಲ್ಯಾಪ್‌ಟಾಪನ್ನು ನನ್ನ ಮೇಜಿನ ಮೇಲೆ ತಂದಿಟ್ಟರು. ಗುಂಡಿ ಒತ್ತಿದ ಮೇಲೆ ಅದು ಕೆಲಸಕ್ಕೆ ಸಿದ್ಧವಾಗಲು 9 ನಿಮಿಷ ಹಿಡಿಯಿತು. ಪರದೆಯ ಕೆಳಗಿನ ಬಲಮೂಲೆಯಲ್ಲಿ ಮೂರು ಆಂಟಿವೈರಸ್‌ಗಳ ಚಿಹ್ನೆಗಳಿದ್ದವು. ಒಂದು ಲ್ಯಾಪ್‌ಟಾಪಿನ ಜೊತೆಗೇ ಬಂದು ಅವಧಿ ಮುಗಿಸಿಕೊಂಡದ್ದು, ಇನ್ನೊಂದು ಮಗ ರಜೆಗೆ ಬಂದಾಗ ಹಾಕಿಕೊಟ್ಟದ್ದು, ಮೂರನೆಯದು ‘ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ’ ಎಂಬ ಜಾಹೀರಾತನ್ನು ನಂಬಿ ಅವರೇ ಇಳಿಸಿಕೊಂಡದ್ದು. ವಿಂಡೋಸ್‌ನದೇ ಆದ ಡಿಫೆಂಡರ್ ಎಂಬ ಆಂಟಿವೈರಸ್ ಈ ಗದ್ದಲದಲ್ಲಿ ಆಫ್ ಆಗಿತ್ತು. ಇಷ್ಟೆಲ್ಲ ಇದ್ದೂ ಝೆರಾಕ್ಸ್ ಅಂಗಡಿಯಿಂದ ಪೆನ್‌ಡ್ರೈವ್‌ನಲ್ಲಿ ಬಂದ ಶಾರ್ಟ್‌ಕಟ್ ವೈರಸ್ ಒಳಗೆ ಆರಾಮಾಗಿ ಕೂತಿತ್ತು.

ಇದು ಅವರೊಬ್ಬರ ಕಥೆಯಲ್ಲ. ಠಾಣೆ, ಮುಲುಂಡ್, ವಾಶಿಗಳ ಕನ್ನಡಿಗರ ಮನೆಗಳಲ್ಲಿ ನಾನು ನೋಡಿದ ಕಂಪ್ಯೂಟರ್‌ಗಳ ಪೈಕಿ ಹೆಚ್ಚಿನವು ಇದೇ ಬಗೆಯಲ್ಲಿ ಕೆಟ್ಟಿದ್ದವು. ಎಲ್ಲರೂ ‘ಯಾವ ಉಚಿತ ಆಂಟಿವೈರಸ್ ಒಳ್ಳೆಯದು?’ ಎಂಬ ಪ್ರಶ್ನೆಯಿಂದ ಶುರುಮಾಡುತ್ತಾರೆ. ಅದು ಐದನೆಯದಾಗಿ ಕೇಳಬೇಕಾದ ಪ್ರಶ್ನೆ. ಅದಕ್ಕೆ ಮೊದಲಿನ ನಾಲ್ಕು ಹಂತಗಳನ್ನು ಬಿಟ್ಟುಬಿಟ್ಟರೆ ಎಷ್ಟೇ ಒಳ್ಳೆಯದನ್ನು ಆರಿಸಿದರೂ ಫಲವಿಲ್ಲ. ಆದ್ದರಿಂದ ಕೆಳಗಿನ ಹಂತಗಳನ್ನು ಇರುವ ಕ್ರಮದಲ್ಲೇ ಮಾಡಿ.

ಕೂರುವ ಮೊದಲು ಕೈಗೆ ಸಿಗುವಂತಿರಲಿ

ಲ್ಯಾಪ್‌ಟಾಪಿನ ಚಾರ್ಜರ್, ಮೊಬೈಲ್ ಹಾಟ್‌ಸ್ಪಾಟ್‌ಗಿಂತ ವೈಫೈ ಸಂಪರ್ಕ, ಕಂಪ್ಯೂಟರಿನ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್, ಫೋಟೊ ಮತ್ತು ಕಾಗದಪತ್ರಗಳನ್ನು ತುಂಬಿಡಲು ಜಾಗವಿರುವ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್, ಮತ್ತೆ ಒಂದು ಕಾಗದ ಪೆನ್ನು. ಸಮಯ ಎರಡು ಗಂಟೆ ಬೇಕು. ಪೂರ್ಣ ಸ್ಕ್ಯಾನ್‌ಗೆ ಬೇರೆಯಾಗಿ ಒಂದು ರಾತ್ರಿ ಬೇಕು.

1. ಯಂತ್ರದಲ್ಲಿ ಯಾವ ವಿಂಡೋಸ್ ಇದೆ ಎಂದು ನೋಡಿ

ಸೆಟ್ಟಿಂಗ್ಸ್ ತೆರೆದು ಸಿಸ್ಟಮ್, ಅದರೊಳಗೆ ಅಬೌಟ್ ಎಂಬಲ್ಲಿಗೆ ಹೋಗಿ. ವಿಂಡೋಸ್‌ನ ಆವೃತ್ತಿ ಮತ್ತು ರ‍್ಯಾಮ್ ಎಷ್ಟಿದೆ ಎಂಬುದನ್ನು ಕಾಗದದಲ್ಲಿ ಬರೆದುಕೊಳ್ಳಿ.

ವಿಂಡೋಸ್ 11 ಇದ್ದರೆ ಅಪ್‌ಡೇಟ್‌ಗಳನ್ನೆಲ್ಲ ಹಾಕಿಸಿ ಮುಂದಿನ ಹಂತಕ್ಕೆ ಹೋಗಬಹುದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಮನೆಬಳಕೆಯವರು ವಿಸ್ತೃತ ಭದ್ರತಾ ಅಪ್‌ಡೇಟ್ ಯೋಜನೆಯಲ್ಲಿ ಹೆಸರು ಸೇರಿಸಿಕೊಂಡು 2026ರ ಅಕ್ಟೋಬರ್ ವರೆಗೆ ಕಾಲ ತಳ್ಳಬಹುದು. ಡಿಫೆಂಡರ್‌ನ ವೈರಸ್ ಪಟ್ಟಿಯನ್ನು ವಿಂಡೋಸ್ 10ರಲ್ಲಿಯೂ 2028ರ ಅಕ್ಟೋಬರ್ ವರೆಗೆ ಹೊಸದಾಗಿಸುತ್ತಿರುವುದಾಗಿ ಕಂಪನಿ ಹೇಳಿದೆ. ಇದನ್ನು ಓದಿ ‘ಹಾಗಾದರೆ ಚಿಂತೆಯಿಲ್ಲ’ ಎಂದುಕೊಳ್ಳುವವರು ಬಹಳ. ವೈರಸ್ ಪಟ್ಟಿ ಹೊಸದಾಗುವುದೇ ಬೇರೆ, ವಿಂಡೋಸ್‌ನೊಳಗಿನ ಬಿರುಕು ಮುಚ್ಚುವುದೇ ಬೇರೆ. ಗೋಡೆಯಲ್ಲಿ ತೂತಿದ್ದರೆ ಬಾಗಿಲಲ್ಲಿ ಕೂತ ಕಾವಲುಗಾರ ಮಾಡುವುದಾದರೂ ಏನು?

ವಿಂಡೋಸ್ 7 ಇನ್ನೂ ಓಡುತ್ತಿದ್ದರೆ ಈ ಲೇಖನ ನಿಮಗೆ ಉಪಯೋಗವಿಲ್ಲ. ಅದಕ್ಕೆ 2020ರ ಜನವರಿ 14ರಂದೇ ಬೆಂಬಲ ನಿಂತಿದೆ. ಅಂಥ ಯಂತ್ರವನ್ನು ಇಂಟರ್ನೆಟ್ಟಿನಿಂದ ಬಿಡಿಸಿ, ಹಳೆಯ ಪತ್ರ ತೆರೆದು ನೋಡಲು ಮಾತ್ರ ಬಳಸಿ. ಬ್ಯಾಂಕ್ ವ್ಯವಹಾರ ಅದರಲ್ಲಿ ಬೇಡ.

2. ಬೇಕಾದದ್ದನ್ನು ನಕಲು ಮಾಡಿಕೊಳ್ಳಿ

ಸ್ಕ್ಯಾನ್ ಮಾಡಿದಾಗ ಕೆಲವು ಕಡತಗಳು ಅಳಿಸಿಹೋಗಬಹುದು. ಆದ್ದರಿಂದ ಫೋಟೊ, ಪಿಡಿಎಫ್, ವರ್ಡ್, ಎಕ್ಸೆಲ್ ಕಡತಗಳನ್ನು ಮೊದಲೇ ಹಾರ್ಡ್‌ಡಿಸ್ಕಿಗೆ ನಕಲಿಸಿ, ಮುಗಿದ ಕೂಡಲೇ ತಂತಿ ಕಿತ್ತಿಡಿ. ಹಳೆಯ ಇನ್‌ಸ್ಟಾಲರ್‌ಗಳನ್ನು, ಅಂದರೆ ತಂತ್ರಾಂಶ ಹಾಕುವ ಕಡತಗಳನ್ನು ನಕಲಿಸಬೇಡಿ; ರೋಗ ದಾಟುವುದು ಹೆಚ್ಚಾಗಿ ಅವುಗಳ ಮೂಲಕ. ಈ ಹಾರ್ಡ್‌ಡಿಸ್ಕನ್ನು ಒಂಬತ್ತನೆಯ ಹಂತ ಮುಗಿಯುವ ತನಕ ಬೇರೆ ಯಾವ ಕಂಪ್ಯೂಟರಿಗೂ ಸಿಕ್ಕಿಸಬೇಡಿ.

3. ಈಗ ಕಾವಲಿನಲ್ಲಿ ಯಾರಿದ್ದಾರೆ ಎಂದು ಪತ್ತೆಹಚ್ಚಿ

ಸ್ಟಾರ್ಟ್ ಮೆನುವಿನಲ್ಲಿ ವಿಂಡೋಸ್ ಸೆಕ್ಯುರಿಟಿ ಎಂದು ಹುಡುಕಿ ತೆರೆಯಿರಿ. ಎಡಬದಿಯ ಸೆಟ್ಟಿಂಗ್ಸ್ ಒಳಗೆ ಮ್ಯಾನೇಜ್ ಪ್ರೊವೈಡರ್ಸ್ ಎಂಬ ಕೊಂಡಿ ಇದೆ. ನಿಮ್ಮ ಕಂಪ್ಯೂಟರಿನಲ್ಲಿ ನೋಂದಾಯಿತವಾದ ಆಂಟಿವೈರಸ್‌ಗಳೆಲ್ಲ ಅಲ್ಲಿ ಸಾಲಾಗಿ ಕಾಣುತ್ತವೆ. ಯಾವುದು ಚಾಲೂ, ಯಾವುದು ಬಂದ್ ಎಂಬುದೂ ಅಲ್ಲಿಯೇ ಗೊತ್ತಾಗುತ್ತದೆ. ಎಲ್ಲವನ್ನೂ ಕಾಗದದಲ್ಲಿ ಬರೆದುಕೊಳ್ಳಿ.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ಹೊರಗಿನ ಆಂಟಿವೈರಸ್ ಒಂದನ್ನು ಹಾಕಿದೊಡನೆ ಡಿಫೆಂಡರ್ ತಾನಾಗಿಯೇ ಹಿಂದೆ ಸರಿಯುತ್ತದೆ. ಆ ಹೊರಗಿನದರ ಅವಧಿ ಮುಗಿದಾಗ ಡಿಫೆಂಡರ್ ತಾನೇ ಎದ್ದು ಕೂತಿರುತ್ತದೆ ಎಂದು ಊಹಿಸಿಕೊಳ್ಳಬಾರದು, ಕಣ್ಣಾರೆ ನೋಡಬೇಕು. ನಾನು ಕಂಡ ಬಹುಪಾಲು ಸೋಂಕುಗಳು ಅವಧಿ ಮುಗಿದ ಪ್ರಯೋಗಾವಧಿಯ ಪ್ರತಿಯನ್ನು ತಿಂಗಳುಗಟ್ಟಲೆ ಹಾಗೇ ಬಿಟ್ಟ ಮನೆಗಳಲ್ಲಿದ್ದವು.

4. ಹಳೆಯದನ್ನು ಬೇರುಸಹಿತ ತೆಗೆಯಿರಿ

ಸೆಟ್ಟಿಂಗ್ಸ್‌ನ ಆಪ್ಸ್ ವಿಭಾಗದಲ್ಲಿ ಇನ್‌ಸ್ಟಾಲ್ಡ್ ಆಪ್ಸ್ ಪಟ್ಟಿ ತೆರೆದು, ಡಿಫೆಂಡರ್ ಬಿಟ್ಟು ಉಳಿದ ಆಂಟಿವೈರಸ್‌ಗಳನ್ನು ಒಂದೊಂದಾಗಿ ಅನ್‌ಇನ್‌ಸ್ಟಾಲ್ ಮಾಡಿ. ಒಂದನ್ನು ತೆಗೆದ ಮೇಲೆ ರೀಸ್ಟಾರ್ಟ್ ಮಾಡಿ, ಆಮೇಲೆ ಮುಂದಿನದನ್ನು ಮುಟ್ಟಿ. ಎರಡನ್ನೂ ಒಟ್ಟಿಗೆ ತೆಗೆಯಲು ಹೋಗಿ ಎರಡೂ ಅರ್ಧಕ್ಕೆ ನಿಂತದ್ದನ್ನು ನೋಡಿದ್ದೇನೆ. ಜೊತೆಗೆ ಬಂದ ‘ಪಿಸಿ ಕ್ಲೀನರ್’, ‘ಡ್ರೈವರ್ ಅಪ್‌ಡೇಟರ್’ ಇತ್ಯಾದಿಗಳನ್ನೂ ಇದೇ ಹೊತ್ತಿಗೆ ಕಿತ್ತುಹಾಕಿ. ಅವುಗಳಿಂದ ಯಂತ್ರ ಚುರುಕಾಗುವುದಿಲ್ಲ.

ಕೆಲವು ಆಂಟಿವೈರಸ್‌ಗಳು ಇಷ್ಟಕ್ಕೆ ಪೂರ್ತಿ ಹೋಗುವುದಿಲ್ಲ. ಅವಾಸ್ಟ್, ಎವಿಜಿ, ಮ್ಯಾಕಫೀ, ನಾರ್ಟನ್ ಕಂಪನಿಗಳು ತಮ್ಮ ತಮ್ಮ ಉತ್ಪನ್ನವನ್ನು ಬೇರುಸಹಿತ ಅಳಿಸುವ ಪ್ರತ್ಯೇಕ ಉಪಕರಣಗಳನ್ನು ತಮ್ಮ ಜಾಲತಾಣದಲ್ಲಿಯೇ ಇಟ್ಟಿವೆ. ಅವನ್ನು ಅಲ್ಲಿಂದಲೇ ಪಡೆಯಿರಿ.

ಎರಡಿದ್ದರೆ ಎರಡು ಪಟ್ಟು ರಕ್ಷಣೆಯಲ್ಲವೇ ಎಂದು ಮೂರನೆಯ ಮಹಡಿಯವರೂ ಕೇಳಿದರು. ಪ್ರತಿಯೊಂದು ಆಂಟಿವೈರಸ್ಸೂ ನೀವು ಕಡತ ತೆರೆದ ಕ್ಷಣದಲ್ಲಿ ಮಧ್ಯೆ ನಿಂತು ಅದನ್ನು ತಡೆದು ಪರೀಕ್ಷಿಸುತ್ತದೆ. ಇಬ್ಬರು ನಿಂತರೆ ಒಂದೇ ಕಡತ ಎರಡು ಬಾರಿ ಪರೀಕ್ಷೆಗೆ ಒಳಗಾಗುತ್ತದೆ, ಒಬ್ಬರು ಹಿಡಿದ ಕಡತವನ್ನು ಇನ್ನೊಬ್ಬರೂ ಹಿಡಿಯಲು ಹೋಗಿ ಎರಡೂ ಜಗ್ಗಾಡುತ್ತವೆ, ಒಬ್ಬರ ವೈರಸ್ ಪಟ್ಟಿಯೇ ಇನ್ನೊಬ್ಬರ ಕಣ್ಣಿಗೆ ವೈರಸ್ ಆಗಿ ಕಾಣುವುದೂ ಉಂಟು. ಅವರ ಲ್ಯಾಪ್‌ಟಾಪಿನಿಂದ ಮೂರನ್ನೂ ತೆಗೆದು ಡಿಫೆಂಡರ್ ಒಂದನ್ನೇ ಉಳಿಸಿದ ಮೇಲೆ, ಬೇರೇನೂ ಮಾಡದೆ, 9 ನಿಮಿಷ ಹೋಗಿ ಎರಡೂವರೆಗೆ ಇಳಿಯಿತು.

5. ಹೊರಗಿನದು ನಿಜವಾಗಿಯೂ ಬೇಕೇ?

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. ವಿಂಡೋಸ್ 11 ಇಟ್ಟುಕೊಂಡು, ಅಪ್‌ಡೇಟ್ ನಿಲ್ಲಿಸದೆ, ಕದ್ದ ತಂತ್ರಾಂಶ ಹಾಕದೆ ಇರುವ ಮನೆಗೆ ಡಿಫೆಂಡರ್ ಸಾಕು. ಅದರಲ್ಲಿ ಜಾಹೀರಾತಿಲ್ಲ, ಅವಧಿ ಮುಗಿಯುವುದಿಲ್ಲ, ‘ಪ್ರೀಮಿಯಂ ಕೊಳ್ಳಿ’ ಎಂದು ದಿನಬೆಳಗಾದರೆ ಕಾಡುವುದಿಲ್ಲ.

ನನ್ನ ಮಾತನ್ನೇ ನಂಬಬೇಕಿಲ್ಲ. ಜರ್ಮನಿಯ ಮಾಗ್ಡೆಬರ್ಗ್‌ನಲ್ಲಿರುವ ಎವಿ-ಟೆಸ್ಟ್ ಸಂಸ್ಥೆ ರಕ್ಷಣೆ, ವೇಗ, ಬಳಕೆಯ ಸುಲಭತೆ ಈ ಮೂರಕ್ಕೆ ತಲಾ 6ರಂತೆ ಒಟ್ಟು 18 ಅಂಕ ಕೊಡುತ್ತದೆ. ಡಿಫೆಂಡರ್ ಅಲ್ಲಿ ಹಲವು ಸುತ್ತುಗಳಲ್ಲಿ ಪೂರ್ಣ ಅಂಕ ಪಡೆದಿದೆ. ಆಸ್ಟ್ರಿಯದ ಇನ್ಸ್‌ಬ್ರುಕ್‌ನ ಎವಿ-ಕಂಪ್ಯಾರೆಟಿವ್ಸ್ ಸಂಸ್ಥೆಯ ವರದಿಗಳೂ ಉಚಿತವಾಗಿ ಓದಲು ಸಿಗುತ್ತವೆ. ಅವನ್ನು ಓದುವಾಗ ಮೊದಲ ಸ್ಥಾನ ಯಾರದೆಂದು ನೋಡಬೇಡಿ. ಒಂದು ವರದಿಯ ಬದಲು ಕಳೆದ ನಾಲ್ಕೈದು ವರದಿಗಳನ್ನು ನೋಡಿ, ನಿರ್ದೋಷಿ ಕಡತವನ್ನು ವೈರಸ್ ಎಂದು ಹಿಡಿದ ಸಂಖ್ಯೆ ಎಷ್ಟು, ಯಂತ್ರವನ್ನು ಎಷ್ಟು ನಿಧಾನಗೊಳಿಸುತ್ತದೆ ಎಂಬ ಎರಡು ಅಂಕಣಗಳಿಗೆ ಕಣ್ಣಿಡಿ. 4 ಜಿಬಿ ರ‍್ಯಾಮ್ ಇರುವ ಮನೆಯ ಕಂಪ್ಯೂಟರಿಗೆ ಆ ಎರಡನೆಯ ಅಂಕಣವೇ ಮುಖ್ಯ.

ಹೊರಗಿನದು ಯಾವಾಗ ಬೇಕು? ಮನೆಯಲ್ಲಿ ಮಕ್ಕಳು ಸಿಕ್ಕಸಿಕ್ಕ ಜಾಲತಾಣಗಳಿಂದ ಆಟ ಇಳಿಸುತ್ತಿದ್ದರೆ, ಅಥವಾ ಮೈಕ್ರೋಸಾಫ್ಟ್‌ನದೇ ಬ್ರೌಸರ್ ಆದ ಎಡ್ಜ್ ಬಿಟ್ಟು ಬೇರೆ ಬ್ರೌಸರ್‌ಗಳನ್ನೇ ಬಳಸುವವರಿದ್ದು ಅಲ್ಲಿಯೂ ಮೋಸದ ಕೊಂಡಿಗಳನ್ನು ತಡೆಯುವ ಇನ್ನೊಂದು ಪದರ ಬೇಕೆನಿಸಿದರೆ.

6. ಬೇಕೆಂದಾದರೆ, ‘ಉಚಿತ’ ಎಂದರೆ ಏನೆಂದು ತಿಳಿದು ಆರಿಸಿ

ಇಲ್ಲಿ ಅತಿ ಹೆಚ್ಚು ಜನ ಎಡವುತ್ತಾರೆ, ಏಕೆಂದರೆ ಉಚಿತ ಎಂಬ ಒಂದೇ ಮಾತಿನ ಕೆಳಗೆ ಮೂರು ಬೇರೆ ಬೇರೆ ಸರಕುಗಳಿವೆ.

ಮೊದಲನೆಯದು ಎಂದೆಂದಿಗೂ ಉಚಿತವಾದ, ಸದಾ ಕಾವಲಿರುವ ಆಂಟಿವೈರಸ್. ಬಿಟ್‌ಡಿಫೆಂಡರ್, ಅವಾಸ್ಟ್, ಎವಿಜಿ, ಅವಿರಾಗಳ ಉಚಿತ ಪ್ರತಿಗಳು ಈ ಗುಂಪಿನವು. ಎರಡನೆಯದು ಪ್ರಯೋಗಾವಧಿಯ ಪ್ರತಿ. ಅವಧಿ ಮುಗಿದರೆ ಹಣ ಕೊಡಬೇಕು. ಪುಣೆಯ ಕ್ವಿಕ್ ಹೀಲ್ ನಮ್ಮ ಕಡೆ ಎಲ್ಲ ಅಂಗಡಿಗಳಲ್ಲೂ ಕಾಣುವ ಹೆಸರು. ಅದರ ಮುಖ್ಯ ಆಂಟಿವೈರಸ್ ಹಣ ಕೊಟ್ಟು ಕೊಳ್ಳುವಂಥದ್ದು, ಉಚಿತವಾಗಿ ಸಿಗುವುದು ಪ್ರಯೋಗಕ್ಕಷ್ಟೆ. ಮೂರನೆಯದು ಕರೆದಾಗ ಮಾತ್ರ ಬಂದು ನೋಡಿಹೋಗುವ ಸ್ಕ್ಯಾನರ್. ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್, ಇಸೆಟ್ ಆನ್‌ಲೈನ್ ಸ್ಕ್ಯಾನರ್, ಮಾಲ್‌ವೇರ್‌ಬೈಟ್ಸ್‌ನ ಉಚಿತ ಪ್ರತಿ ಇಂಥವು. ಇವು ಕಾವಲಿಗೆ ನಿಲ್ಲುವುದಿಲ್ಲವಾದ್ದರಿಂದ ಡಿಫೆಂಡರ್ ಜೊತೆಗೆ ಇದ್ದರೂ ಜಗಳವಿಲ್ಲ. ಸೇಫ್ಟಿ ಸ್ಕ್ಯಾನರ್ ಇಳಿಸಿದ 10 ದಿನಕ್ಕೆ ಹಳತಾಗುತ್ತದೆ. ಪ್ರತಿ ಸಲವೂ ಹೊಸದಾಗಿ ಇಳಿಸಬೇಕು.

ಮೂರನೆಯ ಗುಂಪನ್ನು ಮೊದಲನೆಯದೆಂದು ತಿಳಿದು, ‘ಆಂಟಿವೈರಸ್ ಇದೆಯಲ್ಲ’ ಎಂದು ನಿಶ್ಚಿಂತೆಯಿಂದ ಇರುವವರು ಬಹಳ ಮಂದಿ.

ಆರಿಸುವ ಮೊದಲು ಕಂಪನಿಗೆ ಹಣ ಎಲ್ಲಿಂದ ಬರುತ್ತದೆ ಎಂದೂ ಕೇಳಿಕೊಳ್ಳಿ. ಹೆಚ್ಚಿನವರು ಪ್ರೀಮಿಯಂ ಪ್ರತಿ ಮಾರಿ ಸಂಪಾದಿಸುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಅವಾಸ್ಟ್ ತನ್ನ ಬಳಕೆದಾರರು ಭೇಟಿಕೊಟ್ಟ ಜಾಲತಾಣಗಳ ಮಾಹಿತಿಯನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರಿದ ವಿಷಯ 2020ರಲ್ಲಿ ಹೊರಬಂದು, ಆ ಅಂಗಸಂಸ್ಥೆ ಮುಚ್ಚಿತು. ಅದೇ ಪ್ರಕರಣದಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ 1.65 ಕೋಟಿ ಡಾಲರ್ ಕಟ್ಟಿಸಿಕೊಳ್ಳುವ ಆದೇಶ ಹೊರಡಿಸಿತು. ಅವಾಸ್ಟ್, ಎವಿಜಿ, ಅವಿರಾ, ನಾರ್ಟನ್ ಈ ನಾಲ್ಕೂ ಇಂದು ಜೆನ್ ಡಿಜಿಟಲ್ ಎಂಬ ಒಂದೇ ಕಂಪನಿಯ ಹೆಸರುಗಳು; ಒಂದು ಹಿಡಿಸಲಿಲ್ಲವೆಂದು ಇನ್ನೊಂದಕ್ಕೆ ಹಾರುವವರು ಇದನ್ನು ಗಮನಿಸಬೇಕು. ರಷ್ಯಾ ಮೂಲದ ಆಂಟಿವೈರಸ್ ಆದ ಕ್ಯಾಸ್ಪರ್‌ಸ್ಕಿಯ ಮಾರಾಟವನ್ನು ಅಮೆರಿಕ 2024ರಲ್ಲಿ ನಿಷೇಧಿಸಿದೆ.

ಇವೆಲ್ಲವನ್ನೂ ತೂಗಿ ನೋಡಿ, ಹೊರಗಿನದೇ ಬೇಕೆಂದು ಹಟ ಹಿಡಿದವರಿಗೆ ನಾನು ಬಿಟ್‌ಡಿಫೆಂಡರ್‌ನ ಉಚಿತ ಪ್ರತಿಯನ್ನು ಹಾಕಿಕೊಡುತ್ತೇನೆ. ಸೆಟ್ಟಿಂಗ್‌ಗಳು ಕಡಿಮೆ, ಗಲಾಟೆಯೂ ಕಡಿಮೆ. ಖಾತೆ ತೆರೆಯಲು ಇಮೇಲ್ ಕೇಳುತ್ತದೆ, ಅಷ್ಟೆ.

7. ಇಳಿಸುವುದು, ಹಾಕುವುದು

ಹುಡುಕು ಪುಟದಲ್ಲಿ ಮೇಲೆ ಬರುವ ಮೊದಲ ಕೊಂಡಿಯನ್ನು ಒತ್ತಬೇಡಿ. ಅದು ಜಾಹೀರಾತಾಗಿರಬಹುದು, ನಕಲಿ ತಾಣವೂ ಆಗಿರಬಹುದು. ಕಂಪನಿಯ ವಿಳಾಸವನ್ನು ನೀವೇ ಅಕ್ಷರ ಅಕ್ಷರವಾಗಿ ಟೈಪ್ ಮಾಡಿ.

ಕಡತ ಇಳಿದ ಮೇಲೆ ಅದರ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್ ತೆರೆದು, ಡಿಜಿಟಲ್ ಸಿಗ್ನೇಚರ್ಸ್ ಎಂಬ ಪುಟ ನೋಡಿ. ಅಲ್ಲಿ ಕಂಪನಿಯ ಹೆಸರು ಇರಬೇಕು. ಆ ಪುಟವೇ ಇಲ್ಲವೆಂದರೆ ಕಡತವನ್ನು ಅಳಿಸಿಬಿಡಿ. ಅರ್ಧ ನಿಮಿಷದ ಈ ಕೆಲಸವನ್ನು ಯಾರೂ ಮಾಡುವುದಿಲ್ಲ.

ಹಾಕುವಾಗ ‘ನೆಕ್ಸ್ಟ್, ನೆಕ್ಸ್ಟ್’ ಎಂದು ಓಡಬೇಡಿ. ಕಸ್ಟಮ್ ಎಂಬ ಆಯ್ಕೆ ಇದ್ದರೆ ಅದನ್ನು ಹಿಡಿದು, ಬ್ರೌಸರ್, ವಿಪಿಎನ್, ಕ್ಲೀನರ್, ಹುಡುಕು ಪುಟ ಬದಲಿಸುವುದು ಮುಂತಾದವುಗಳ ಮುಂದಿನ ಟಿಕ್ ಗುರುತು ತೆಗೆಯಿರಿ. ಉಚಿತ ಪ್ರತಿಗೆ ಕಾರ್ಡ್ ನಂಬರ್ ಕೇಳಿದರೆ ನೀವು ಇಳಿಸಿದ್ದು ಉಚಿತ ಪ್ರತಿಯಲ್ಲ, ಪ್ರಯೋಗಾವಧಿಯದು.

8. ಡಿಫೆಂಡರ್ ಇಟ್ಟುಕೊಂಡವರು ಈ ಸೆಟ್ಟಿಂಗ್‌ಗಳನ್ನು ಸರಿಮಾಡಿ

ವಿಂಡೋಸ್ ಸೆಕ್ಯುರಿಟಿಯಲ್ಲಿ ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್, ಅದರೊಳಗೆ ಮ್ಯಾನೇಜ್ ಸೆಟ್ಟಿಂಗ್ಸ್ ತೆರೆಯಿರಿ. ರಿಯಲ್‌ಟೈಮ್ ಪ್ರೊಟೆಕ್ಷನ್, ಕ್ಲೌಡ್ ಡೆಲಿವರ್ಡ್ ಪ್ರೊಟೆಕ್ಷನ್, ಟ್ಯಾಂಪರ್ ಪ್ರೊಟೆಕ್ಷನ್ ಮೂರೂ ಆನ್ ಇರಬೇಕು. ಬಳಿಕ ಆಪ್ ಆಂಡ್ ಬ್ರೌಸರ್ ಕಂಟ್ರೋಲ್ ಒಳಗಿನ ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್‌ನಲ್ಲಿ, ಬೇಡದ ಆಪ್‌ಗಳನ್ನು ತಡೆಯುವ ಆಯ್ಕೆಯನ್ನೂ ಆನ್ ಮಾಡಿ.

ಈಗ ಅದೇ ಮ್ಯಾನೇಜ್ ಸೆಟ್ಟಿಂಗ್ಸ್ ಪುಟದ ಅಡಿಗೆ ಬಂದು ಎಕ್ಸ್‌ಕ್ಲೂಶನ್ಸ್ ಪಟ್ಟಿ ತೆರೆಯಿರಿ. ಡಿಫೆಂಡರ್ ಮುಟ್ಟದೆ ಬಿಡಬೇಕಾದ ಜಾಗಗಳ ಪಟ್ಟಿ ಇದು. ಮನೆಯ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಖಾಲಿ ಇರಬೇಕು. ಬಿಡಿಭಾಗ ಜೋಡಿಸಿ ಮಾಡಿಸಿದ ಕಂಪ್ಯೂಟರೊಂದರಲ್ಲಿ ಇಡೀ ಸಿ ಡ್ರೈವನ್ನೇ ಈ ಪಟ್ಟಿಗೆ ಸೇರಿಸಿದ್ದನ್ನು ನಾನು ನೋಡಿದ್ದೇನೆ. ಜೋಡಿಸಿಕೊಟ್ಟವನು ಕಳ್ಳ ವಿಂಡೋಸ್ ಹಾಕಿದ್ದ. ಅದನ್ನು ಅಸಲಿಯಂತೆ ತೋರಿಸುವ ಆಕ್ಟಿವೇಟರನ್ನು ಡಿಫೆಂಡರ್ ಹಿಡಿಯುತ್ತದೆಂದು ಡಿಫೆಂಡರ್‌ನ ಕಣ್ಣಿಗೇ ಬಟ್ಟೆ ಕಟ್ಟಿದ್ದ. ಡಿಫೆಂಡರ್ ಚಾಲೂ, ಹಸಿರು ಗುರುತು ಇದೆ, ಆದರೆ ನೋಡುತ್ತಿರುವುದು ಏನೂ ಇಲ್ಲ! ಮುಂಬಯಿಯ ಕಂಪ್ಯೂಟರ್ ಪೇಟೆ ಲ್ಯಾಮಿಂಗ್ಟನ್ ರೋಡಿನಲ್ಲಾಗಲಿ ಬೇರೆಲ್ಲಾಗಲಿ ಕಂಪ್ಯೂಟರ್ ಜೋಡಿಸಿಕೊಂಡು ತಂದವರು ಮೊದಲ ದಿನವೇ ಈ ಪಟ್ಟಿ ನೋಡುವುದು ಒಳ್ಳೆಯದು.

ರ‍್ಯಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ, ಬಿಡಿಸಲು ಹಣ ಕೇಳುವ ವೈರಸ್) ತಡೆಗೆ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಎಂಬುದಿದೆ. ಅದು ಮೊದಲಿಗೆ ಆಫ್ ಇರುತ್ತದೆ. ಆನ್ ಮಾಡಿದರೆ ಅಪರಿಚಿತ ತಂತ್ರಾಂಶಗಳು ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಏನನ್ನೂ ಬದಲಿಸಲಾಗದು. ಹಳೆಯ ಕನ್ನಡ ಬರಹದ ತಂತ್ರಾಂಶ ಬಳಸುವವರಿಗೆ ಆಗ ಕಡತ ಸೇವ್ ಆಗದೆ ಗಾಬರಿಯಾಗಬಹುದು. ಇಡೀ ರಕ್ಷಣೆಯನ್ನೇ ಆಫ್ ಮಾಡದೆ, ಅಲ್ಲಿಯೇ ಇರುವ ಅನುಮತಿ ಪಟ್ಟಿಗೆ ಆ ಒಂದು ತಂತ್ರಾಂಶವನ್ನು ಸೇರಿಸಿ. ಕೀಲಿ ಒತ್ತಿದ್ದನ್ನು ನಡುವೆ ಹಿಡಿದು ಕನ್ನಡಕ್ಕೆ ತಿರುಗಿಸುವ ತಂತ್ರಾಂಶಗಳ ಕೆಲಸದ ರೀತಿ ಪಾಸ್‌ವರ್ಡ್ ಕದಿಯುವ ಕೀಲಾಗರ್‌ಗಳನ್ನು ಹೋಲುವುದರಿಂದ ಆಂಟಿವೈರಸ್‌ಗಳು ಅವನ್ನು ಅನುಮಾನಿಸುವುದೂ ಉಂಟು. ಮೂಲ ತಾಣದಿಂದ ಇಳಿಸಿದ್ದಾದರೆ ಮಾತ್ರ ಅನುಮತಿ ಕೊಡಿ. ಗೆಳೆಯರ ಪೆನ್‌ಡ್ರೈವ್‌ನಿಂದ ಬಂದದ್ದಾದರೆ ಅಳಿಸಿ, ಹೊಸದನ್ನು ಇಳಿಸಿ.

9. ಪರೀಕ್ಷೆ ಮತ್ತು ಸ್ಕ್ಯಾನ್

ಕಾವಲು ನಿಜವಾಗಿ ಎಚ್ಚರವಾಗಿದೆಯೇ ಎಂದು ತಿಳಿಯಲು ಐಕಾರ್ ಎಂಬ ಪರೀಕ್ಷಾ ಕಡತವಿದೆ. 68 ಅಕ್ಷರಗಳ ಈ ಕಡತ ವೈರಸ್ ಅಲ್ಲ, ಯಾವ ಹಾನಿಯನ್ನೂ ಮಾಡದು. ಆದರೆ ಆಂಟಿವೈರಸ್‌ಗಳು ಅದನ್ನು ವೈರಸ್ಸಿನಂತೆಯೇ ಹಿಡಿಯಬೇಕೆಂಬುದು ಅವುಗಳ ನಡುವಿನ ಒಪ್ಪಂದ. ಐಕಾರ್ ಸಂಸ್ಥೆಯ ತಾಣದಿಂದ ಅದನ್ನು ಇಳಿಸಲು ನೋಡಿ. ತಕ್ಷಣ ತಡೆ ಬಿದ್ದರೆ ಸರಿಯಾಗಿದೆ. ಸದ್ದಿಲ್ಲದೆ ಇಳಿದು ಕೂತರೆ ಮೂರನೆಯ ಹಂತಕ್ಕೆ ಮರಳಿ.

ನಂತರ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ ಮೊದಲು ಮಾಡಿ. ವಿಂಡೋಸ್ ಏಳುವ ಮೊದಲೇ ಓಡುವ ಈ ಸ್ಕ್ಯಾನ್‌ಗೆ ಸುಮಾರು 15 ನಿಮಿಷ ಸಾಕು, ಬಚ್ಚಿಟ್ಟುಕೊಳ್ಳುವ ಜಾತಿಯವು ಇದಕ್ಕೆ ಸಿಗುತ್ತವೆ. ಯಂತ್ರ ರೀಸ್ಟಾರ್ಟ್ ಆಗುವುದರಿಂದ ತೆರೆದ ಕೆಲಸ ಸೇವ್ ಮಾಡಿಕೊಳ್ಳಿ. ರಾತ್ರಿ ಮಲಗುವ ಮುನ್ನ ಫುಲ್ ಸ್ಕ್ಯಾನ್ ಹಚ್ಚಿ, ಚಾರ್ಜರ್ ಸಿಕ್ಕಿಸಿ, ಸ್ಲೀಪ್ ಆಗದಂತೆ ಪವರ್ ಸೆಟ್ಟಿಂಗ್ ಬದಲಿಸಿ. ಬೆಳಗ್ಗೆ ಎರಡನೆಯ ಹಂತದ ಹಾರ್ಡ್‌ಡಿಸ್ಕನ್ನು ಸಿಕ್ಕಿಸಿ, ಅದರ ಮೇಲೆ ಬಲ ಕ್ಲಿಕ್ ಮಾಡಿ, ಅದನ್ನೂ ಸ್ಕ್ಯಾನ್ ಮಾಡಿ.

ಸೋಂಕು ಸಿಕ್ಕರೂ ಹೋಗದಿದ್ದರೆ ಭಾರತ ಸರಕಾರದ ಸೈಬರ್ ಸ್ವಚ್ಛತಾ ಕೇಂದ್ರದ ತಾಣಕ್ಕೆ ಹೋಗಿ. ಸರಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2017ರಿಂದ ನಡೆಸುತ್ತಿರುವ ಈ ಕೇಂದ್ರದಲ್ಲಿ ಕ್ವಿಕ್ ಹೀಲ್, ಮುಂಬಯಿಯ ಇಸ್ಕ್ಯಾನ್ ಮೊದಲಾದವರು ಮಾಡಿಕೊಟ್ಟ ಶುದ್ಧೀಕರಣದ ಉಪಕರಣಗಳು ಹಣವಿಲ್ಲದೆ ಸಿಗುತ್ತವೆ. ಪುಣೆಯಲ್ಲಿ ಮುಖ್ಯ ಕಚೇರಿ ಇರುವ ಸರಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಸಿದ್ಧಪಡಿಸಿದ ಯುಎಸ್‌ಬಿ ಪ್ರತಿರೋಧ್ ಎಂಬ ಪೆನ್‌ಡ್ರೈವ್ ನಿಯಂತ್ರಣದ ತಂತ್ರಾಂಶದ ಮಾಹಿತಿಯೂ ಅಲ್ಲಿದೆ.

ಒಂದೇ ಒಂದು ಕಡತದ ಮೇಲೆ ಅನುಮಾನವಿದ್ದರೆ ವೈರಸ್‌ಟೋಟಲ್ ತಾಣಕ್ಕೆ ಏರಿಸಿ ಹತ್ತಾರು ಆಂಟಿವೈರಸ್‌ಗಳ ತೀರ್ಪನ್ನು ಒಮ್ಮೆಗೇ ನೋಡಬಹುದು. ಅಲ್ಲಿಗೆ ಏರಿಸಿದ ಕಡತ ಬೇರೆ ಸಂಸ್ಥೆಗಳಿಗೂ ಸಿಗುವುದರಿಂದ ಆಧಾರ್, ಪಾನ್, ಬ್ಯಾಂಕ್ ಪತ್ರಗಳನ್ನು ಎಂದೂ ಏರಿಸಬೇಡಿ.

10. ಝೆರಾಕ್ಸ್ ಅಂಗಡಿಯಿಂದ ಬಂದ ಪೆನ್‌ಡ್ರೈವ್

ಮಕ್ಕಳ ಪ್ರವೇಶದ ಅರ್ಜಿ, ಸೊಸೈಟಿಯ ನೋಟಿಸು ಎಂದು ಪೆನ್‌ಡ್ರೈವ್ ಹೋಗಿ ಬರುತ್ತಲೇ ಇರುತ್ತದೆ. ಸಿಕ್ಕಿಸಿದಾಗ ನಿಮ್ಮ ಫೋಲ್ಡರುಗಳ ಚಿತ್ರದ ಎಡತುದಿಯಲ್ಲಿ ಸಣ್ಣ ಬಾಗಿದ ಬಾಣ ಕಂಡರೆ ಅವು ಫೋಲ್ಡರುಗಳಲ್ಲ, ಶಾರ್ಟ್‌ಕಟ್‌ಗಳು. ಎರಡು ಸಲ ಕ್ಲಿಕ್ ಮಾಡಿದಿರೋ ವೈರಸ್ ಓಡುತ್ತದೆ. ಮುಟ್ಟದೆ, ಡ್ರೈವ್ ಮೇಲೆ ಬಲ ಕ್ಲಿಕ್ ಮಾಡಿ ಸ್ಕ್ಯಾನ್ ಮಾಡಿ, ಆಮೇಲೆ ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಆನ್ ಮಾಡಿ. ನಿಮ್ಮ ಅಸಲಿ ಕಡತಗಳು ಹೆಚ್ಚಾಗಿ ಅಲ್ಲಿಯೇ ಮಬ್ಬಾಗಿ ಕೂತಿರುತ್ತವೆ, ಕಳೆದುಹೋಗಿರುವುದಿಲ್ಲ. ಅಂಗಡಿಯಲ್ಲಿ ಮುದ್ರಿಸುವುದಕ್ಕೆಂದೇ ಖಾಲಿ ಪೆನ್‌ಡ್ರೈವ್ ಒಂದನ್ನು ಬೇರೆ ಇಟ್ಟುಕೊಳ್ಳಿ.

ಎಚ್ಚರಿಕೆಯ ಲಕ್ಷಣಗಳು

ಸೆಟ್ಟಿಂಗ್‌ಗಳಲ್ಲಿ ‘ಇದನ್ನು ನಿಮ್ಮ ಅಡ್ಮಿನಿಸ್ಟ್ರೇಟರ್ ನಿಯಂತ್ರಿಸುತ್ತಾರೆ’ ಎಂಬ ಸಾಲು ಮನೆಯ ಸ್ವಂತ ಕಂಪ್ಯೂಟರಿನಲ್ಲಿ ಕಂಡರೆ ಯಾರೋ ಅಥವಾ ಯಾವುದೋ ತಂತ್ರಾಂಶ ಡಿಫೆಂಡರನ್ನು ಕಟ್ಟಿಹಾಕಿದೆ. ಆನ್ ಮಾಡಿದ ರಿಯಲ್‌ಟೈಮ್ ಪ್ರೊಟೆಕ್ಷನ್ ಮರುದಿನ ಮತ್ತೆ ಆಫ್ ಆಗಿದ್ದರೂ ಹಾಗೆಯೇ. ಎರಡೂ ಸಂದರ್ಭಗಳಲ್ಲಿ ಮೊದಲು ಆಫ್‌ಲೈನ್ ಸ್ಕ್ಯಾನ್ ಮಾಡಿ. ಅದರಿಂದಲೂ ಸರಿಹೋಗದಿದ್ದರೆ ವಿಂಡೋಸನ್ನು ಹೊಸದಾಗಿ ಹಾಕಿಸುವುದೇ ಮೇಲು.

ಯಂತ್ರ ನಿಧಾನವಾಯಿತೆಂದು ಆಂಟಿವೈರಸ್ಸನ್ನು ಆಫ್ ಮಾಡುವವರಿದ್ದಾರೆ. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ: ಡಿಸ್ಕ್ ಅಂಕಣ ಸದಾ ಶೇಕಡ 100 ತೋರಿಸುತ್ತಿದ್ದು ಒಳಗೆ ಹಳೆಯ ಬಗೆಯ ಹಾರ್ಡ್‌ಡಿಸ್ಕ್ ಇದ್ದರೆ, ಅದರ ಬದಲು ತಿರುಗುವ ತಟ್ಟೆಯಿಲ್ಲದ ಹೊಸ ಬಗೆಯ ಡಿಸ್ಕ್ ಆದ ಎಸ್‌ಎಸ್‌ಡಿ ಹಾಕಿಸಿ. ಯಾವ ಆಂಟಿವೈರಸ್ ಬದಲಿಸಿದರೂ ಸಿಗದ ವೇಗ ಅದರಿಂದ ಸಿಗುತ್ತದೆ.

ಪರದೆಯ ಮೂಲೆಯಲ್ಲಿ ‘ನಿಮ್ಮ ಆಂಟಿವೈರಸ್ ಅವಧಿ ಮುಗಿದಿದೆ, 5 ವೈರಸ್ ಸಿಕ್ಕಿವೆ’ ಎಂದು ಮೇಲಿಂದ ಮೇಲೆ ಚೀಟಿ ಏಳುತ್ತಿದೆಯೇ? ಆ ಚೀಟಿಯ ಮೇಲ್ಗಡೆ ಅಥವಾ ಅಡಿಯಲ್ಲಿ ಚಿಕ್ಕ ಅಕ್ಷರದಲ್ಲಿ ಬ್ರೌಸರಿನ ಹೆಸರೋ ಒಂದು ಜಾಲತಾಣದ ವಿಳಾಸವೋ ಇದ್ದರೆ ಅದು ಆಂಟಿವೈರಸ್ ಕಳಿಸಿದ್ದಲ್ಲ. ಎಂದೋ ಒಂದು ದಿನ ಸಿನಿಮಾ ತಾಣದಲ್ಲಿ ಸೂಚನೆ ಕಳಿಸಲು ‘ಅಲೋ’ (ಅನುಮತಿ) ಎಂದು ಒತ್ತಿದ್ದರ ಫಲ. ವಾಶಿಯ ಒಬ್ಬ ಗೃಹಿಣಿ ಇದಕ್ಕಾಗಿ ಎರಡು ಬಾರಿ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿದ್ದರು. ಆದರೂ ಚೀಟಿಗಳು ಹಿಂತಿರುಗಿದ್ದವು. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಆಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್ ಎಂಬಲ್ಲಿಗೆ ಹೋಗಿ ಗುರುತಿಲ್ಲದ ತಾಣಗಳನ್ನೆಲ್ಲ ತೆಗೆದೆವು. ಎರಡು ನಿಮಿಷದ ಕೆಲಸ.

ಪರದೆ ತುಂಬ ಕೆಂಪು ಎಚ್ಚರಿಕೆ ಮೂಡಿ, ಜೋರಾಗಿ ಸದ್ದು ಮಾಡುತ್ತ, ಕರೆ ಮಾಡಲು ಒಂದು ನಂಬರ್ ಕೊಟ್ಟರೆ ಕರೆ ಮಾಡಬೇಡಿ. ಮೈಕ್ರೋಸಾಫ್ಟ್ ಅಂಥ ಎಚ್ಚರಿಕೆಯಲ್ಲಿ ಫೋನ್ ನಂಬರ್ ಕೊಡುವುದಿಲ್ಲ. ಆಲ್ಟ್ ಮತ್ತು ಎಫ್4 ಕೀಲಿಗಳನ್ನು ಒಟ್ಟಿಗೆ ಒತ್ತಿ ಮುಚ್ಚಿ, ಆಗದಿದ್ದರೆ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರನ್ನು ನಿಲ್ಲಿಸಿ. ಈಗಾಗಲೇ ಕರೆ ಮಾಡಿ, ಅವರು ಹೇಳಿದ ದೂರನಿಯಂತ್ರಣದ ಆಪ್ ಹಾಕಿಕೊಂಡಿದ್ದರೆ ಮೊದಲು ವೈಫೈ ಆಫ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ, ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕಂಪ್ಯೂಟರನ್ನು ಸರಿಪಡಿಸುವ ಕೆಲಸ ಆಮೇಲೆ, ಒಂದನೆಯ ಹಂತದಿಂದ.